ಹೊಸ ಕಾನೂನು ಬಂದ ಮೇಲೂ ಕಡತದಲ್ಲಿ ಹಳೆಯ ಕಲಂ ಏಕೆ?

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ಅಂಕೋಲಾ

ಎಲ್ಲರಿಗೂ ನಮಸ್ಕಾರ. ನಾನು ಐದು ವರ್ಷಗಳ ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪದವಿ ಮುಗಿಯುವುದರೊಳಗೆ ಒಟ್ಟು 20 ವಾರಗಳ ಇಂಟರ್ನ್‌ಶಿಪ್ ಆಗಬೇಕಾದ್ದರಿಂದ ಈ ರಜೆಯಲ್ಲಿ ಕಾರವಾರದ ಹಿರಿಯ ನ್ಯಾಯವಾದಿಯೊಬ್ಬರ ಕಚೇರಿಗೆ ಹೋಗುತ್ತಿದ್ದೇನೆ. ಕಳೆದ ವಾರ ಅವರು ರಸ್ತೆ ಅಪಘಾತದ ಕಡತವೊಂದನ್ನು ಕೈಗೆ ಕೊಟ್ಟು, ಆರೋಪಿ ಚಾಲಕನ ಮೇಲಿರುವ ಕಲಂಗಳು ಯಾವುವು, ಅವಕ್ಕೆ ಶಿಕ್ಷೆ ಎಷ್ಟು ಎಂದು ಒಂದು ಪುಟದ ಟಿಪ್ಪಣಿ ಬರೆದಿಡಲು ಹೇಳಿದರು. ಆ ಟಿಪ್ಪಣಿಯಲ್ಲಿ ನಾನು ಮಾಡಿದ ತಪ್ಪೇ ಈ ಪ್ರಶ್ನೆಗೆ ಕಾರಣ.

ಕಕ್ಷಿದಾರರ ಗುರುತು ಸಿಗಬಾರದೆಂದು ಸ್ಥಳವನ್ನು ಹೇಳದೆ, ತಾರೀಕುಗಳನ್ನು ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. 2024ರ ಜೂನ್ 27ರ ರಾತ್ರಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಯೊಂದು ಬೈಕಿಗೆ ಡಿಕ್ಕಿ ಹೊಡೆದಿದೆ. ಮನೆಯವರು ಗಾಯಾಳುವನ್ನು ಅದೇ ರಾತ್ರಿ ಮಣಿಪಾಲಕ್ಕೆ ಒಯ್ದಿದ್ದಾರೆ. ಆತನ ಅಣ್ಣ ಆಸ್ಪತ್ರೆಯಿಂದ ಊರಿಗೆ ಮರಳಿ ಠಾಣೆಗೆ ದೂರು ಕೊಟ್ಟದ್ದು ಜುಲೈ 2ರಂದು. ಜುಲೈ 4ರಂದು ಗಾಯಾಳು ತೀರಿಕೊಂಡಿದ್ದಾನೆ. ಡಿಸೆಂಬರಿನಲ್ಲಿ ದೋಷಾರೋಪಣಾ ಪತ್ರ ಸಲ್ಲಿಕೆಯಾಗಿದೆ. ಅದರಲ್ಲಿ ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ 279 (ದುಡುಕಿನ ಚಾಲನೆ) ಮತ್ತು 304ಎ (ನಿರ್ಲಕ್ಷ್ಯದಿಂದ ಸಾವು) ಎಂದಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿರುವಾಗ ಡಿಸೆಂಬರಿನ ಪತ್ರದಲ್ಲಿ ಹಳೆಯ ಕಲಂ ಹೇಗೆ ಬಂತು, ಇದು ಠಾಣೆಯವರು ರೂಢಿಯಿಂದ ಬರೆದದ್ದಿರಬೇಕು ಎಂದುಕೊಂಡು, ನನ್ನ ಟಿಪ್ಪಣಿಯಲ್ಲಿ ಅವನ್ನು ಹೊಸ ಸಂಹಿತೆಯ 281 ಮತ್ತು 106(1) ಎಂದು ತಿದ್ದಿ, ಐದು ವರ್ಷಗಳವರೆಗೆ ಶಿಕ್ಷೆ ಎಂದು ಬರೆದುಬಿಟ್ಟೆ. ಹಿರಿಯರು ಕೆಂಪು ಪೆನ್ಸಿಲಿನಿಂದ ಅದನ್ನು ಸುತ್ತು ಹಾಕಿ, ಪಕ್ಕದಲ್ಲಿ "ಘಟನೆಯ ತಾರೀಕು ನೋಡಿ" ಎಂದು ಬರೆದು, ಪ್ರಕರಣ ಕರೆದರೆಂದು ಕೋರ್ಟಿಗೆ ನಡೆದರು.

ಅಲ್ಲಿಗೆ ಒಂದು ಗೊಂದಲ ಕಳೆಯಿತು, ಆದರೆ ಇನ್ನೊಂದು ಹುಟ್ಟಿತು. ಅದೇ ಕಡತದಲ್ಲಿರುವ ಸಾಕ್ಷಿದಾರರ ಹೇಳಿಕೆಗಳ ತಲೆಬರಹದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 180 ಎಂದಿದೆ. ಅಪರಾಧಕ್ಕೆ ಹಳೆಯ ಕಾನೂನು ಮತ್ತು ಹೇಳಿಕೆಗೆ ಹೊಸ ಕಾನೂನು ಎಂದು ಒಂದೇ ಕಡತದಲ್ಲಿ ಎರಡೂ ಇರಬಹುದೇ? ಹಾಗಿದ್ದರೆ ನಮ್ಮಂಥ ವಿದ್ಯಾರ್ಥಿಗಳು ಯಾವುದನ್ನು ಓದಬೇಕು?

ಉತ್ತರ: ನ್ಯಾಯವಾದಿ, ಶಿರಸಿ

ನಿಮ್ಮ ಕಡತದಲ್ಲಿ ಹಳೆಯದೂ ಹೊಸದೂ ಸೇರಿಕೊಂಡಿರುವುದು ಸರಿಯಾಗಿಯೇ ಇದೆ. ನಿಮ್ಮ ತಪ್ಪು ಅನೇಕ ಕಿರಿಯ ವಕೀಲರೂ ಈ ಎರಡು ವರ್ಷಗಳಲ್ಲಿ ಮಾಡಿರುವ ತಪ್ಪೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಪರಾಧ ಯಾವುದು, ಅದಕ್ಕೆ ಶಿಕ್ಷೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಕಾನೂನು. ಇದು ಸಂವಿಧಾನದ 20(1)ನೆಯ ವಿಧಿಯ ರಕ್ಷಣೆ. ಕೃತ್ಯ ನಡೆದಾಗ ಇದ್ದ ಶಿಕ್ಷೆಗಿಂತ ಹೆಚ್ಚಿನ ಶಿಕ್ಷೆಯನ್ನು ಆಮೇಲೆ ಬಂದ ಕಾನೂನಿನ ಬಲದಿಂದ ಯಾರಿಗೂ ವಿಧಿಸುವಂತಿಲ್ಲ. ನ್ಯಾಯ ಸಂಹಿತೆಯ ಕೊನೆಯ ಕಲಮಾದ 358 ಕೂಡ ದಂಡ ಸಂಹಿತೆಯನ್ನು ರದ್ದುಪಡಿಸುವಾಗಲೇ, ಅದರ ಅಡಿಯಲ್ಲಿ ಆಗಲೇ ಉಂಟಾಗಿದ್ದ ಹೊಣೆಗಾರಿಕೆ ಮತ್ತು ಶಿಕ್ಷೆಗಳನ್ನು ಉಳಿಸಿಕೊಂಡಿದೆ. ನಿಮ್ಮ ಪ್ರಕರಣದಲ್ಲಿ ಸಾವು ಜುಲೈ 4ರಂದು ಆಗಿದ್ದರೂ, ಲಾರಿ ಓಡಿಸಿದ ಕೃತ್ಯ ಜೂನ್ 27ರದು. ಆದ್ದರಿಂದ 304ಎ. ಆ ಕಲಮಿನಲ್ಲಿ ಗರಿಷ್ಠ ಶಿಕ್ಷೆ ಎರಡು ವರ್ಷ, ಇಲ್ಲವೆ ದಂಡ, ಇಲ್ಲವೆ ಎರಡೂ. ಹೊಸ 106(1)ರಲ್ಲಿ ಅದು ಐದು ವರ್ಷಗಳವರೆಗೆ ಏರಿದೆ, ಜೊತೆಗೆ ದಂಡವೂ ಇದೆ. ನಿಮ್ಮ ಟಿಪ್ಪಣಿಯನ್ನು ನಂಬಿಕೊಂಡು ಯಾರಾದರೂ ಕಕ್ಷಿದಾರನಿಗೆ ಐದು ವರ್ಷ ಎಂದು ಹೇಳಿದ್ದರೆ ಆ ಮನೆಯಲ್ಲಿ ಎಂಥ ರಾತ್ರಿ ಕಳೆಯುತ್ತಿತ್ತು ಎಂದು ಯೋಚಿಸಿ. ಕಕ್ಷಿದಾರನಿಗೆ ಹೇಳುವ ಶಿಕ್ಷೆಯ ಅಂಕಿಯನ್ನು ಎರಡು ಸಲ ನೋಡದೆ ಹೇಳಬಾರದು.

ಇನ್ನು ತನಿಖೆ ಮತ್ತು ವಿಚಾರಣೆಯ ವಿಧಾನ. ಇದಕ್ಕೆ ನೋಡಬೇಕಾದದ್ದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 531. ಜುಲೈ 1ಕ್ಕೆ ಮೊದಲೇ ತನಿಖೆ, ವಿಚಾರಣೆ, ಅರ್ಜಿ ಅಥವಾ ಮೇಲ್ಮನವಿ ಬಾಕಿಯಿದ್ದರೆ ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರವೇ ಮುಗಿಯಬೇಕು. ನಿಮ್ಮ ಪ್ರಕರಣದ ಪ್ರಥಮ ವರ್ತಮಾನ ವರದಿ ದಾಖಲಾದದ್ದು ಜುಲೈ 2ರಂದು. ಜುಲೈ 1ರಂದು ಬಾಕಿ ಇರುವಂಥದ್ದು ಏನೂ ಇರಲಿಲ್ಲ. ಹೀಗಾಗಿ ಪೊಲೀಸರು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಅಡಿಯಲ್ಲಿ ವರದಿ ದಾಖಲಿಸಿ, 180ರ ಅಡಿಯಲ್ಲಿ ಹೇಳಿಕೆ ಬರೆದುಕೊಂಡು, 193ರ ಅಡಿಯಲ್ಲಿ ದೋಷಾರೋಪಣಾ ಪತ್ರ ಹಾಕಿರುವುದು ಕ್ರಮವಾಗಿಯೇ ಇದೆ. ಸಾಕ್ಷ್ಯದ ಕಾನೂನೂ ಹಾಗೆಯೇ: ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 170ರ ಮಾತೂ ಇದೇ ಧಾಟಿಯದು. ಅದೇ ಅಣ್ಣ ಜೂನ್ 28ರಂದೇ ಠಾಣೆಗೆ ಬಂದಿದ್ದರೆ ತನಿಖೆಯೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೇ ನಡೆಯುತ್ತಿತ್ತು.

ಇದರಿಂದ ಆರೋಪಿಗೆ ಆಗುವ ವ್ಯತ್ಯಾಸವನ್ನೂ ಗಮನಿಸಿ. ಶಿಕ್ಷೆ ಎರಡು ವರ್ಷ ಮೀರದ ಕಾರಣ ಇದು ಸಮನ್ಸ್ ಪ್ರಕರಣ. 106(1) ಆಗಿದ್ದರೆ ವಾರಂಟ್ ಪ್ರಕರಣವಾಗಿ, ವಿಧ್ಯುಕ್ತವಾಗಿ ಆರೋಪ ಹೊರಿಸಬೇಕಾಗುತ್ತಿತ್ತು. ಸಮನ್ಸ್ ಪ್ರಕರಣದಲ್ಲಿ ಹಳೆಯ ಸಂಹಿತೆಯ 251ರಂತೆ ಆರೋಪದ ಸಾರಾಂಶವನ್ನು ತಿಳಿಸಿ, ಒಪ್ಪುತ್ತೀರಾ ಎಂದು ಕೇಳುವುದಷ್ಟೇ ಇತ್ತು, ಬಿಡುಗಡೆಯ ದಾರಿ ಅಲ್ಲಿ ಬರೆದಿರಲಿಲ್ಲ. ಹೊಸ ಸಂಹಿತೆಯ 274ಕ್ಕೆ ಒಂದು ಪರಂತುಕ (ವಿನಾಯಿತಿಯ ವಾಕ್ಯ) ಸೇರಿಸಿದ್ದಾರೆ. ಆರೋಪಕ್ಕೆ ಆಧಾರವಿಲ್ಲವೆಂದು ಮ್ಯಾಜಿಸ್ಟ್ರೇಟರಿಗೆ ಕಂಡರೆ ಕಾರಣ ಬರೆದು ಆ ಹಂತದಲ್ಲಿಯೇ ಬಿಡುಗಡೆ ಮಾಡಬೇಕು. ಅಪರಾಧ ಹಳೆಯದು, ವಿಧಾನ ಹೊಸದು ಆದ ನಿಮ್ಮ ಕಡತಕ್ಕೆ ಎರಡೂ ಕಡೆಯ ಅನುಕೂಲ ಒದಗಿದೆ. ಆಧಾರ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು.

ಯಾವುದನ್ನು ಓದಬೇಕೆಂದು ಕೇಳಿದ್ದೀರಿ. ತತ್ತ್ವವನ್ನು ಹೊಸ ಸಂಹಿತೆಯಿಂದ ಕಲಿಯಿರಿ, ಆದರೆ ಹಳೆಯ ತೀರ್ಪುಗಳನ್ನು ಬಿಡಬೇಡಿ. 106(1)ರ ತಿರುಳಿನ ಮಾತುಗಳು 304ಎಯ ಮಾತುಗಳೇ ಆಗಿರುವುದರಿಂದ, ದುಡುಕು ಎಂದರೇನು, ನಿರ್ಲಕ್ಷ್ಯ ಎಂದರೇನು ಎಂಬ ಹಳೆಯ ವ್ಯಾಖ್ಯಾನಗಳು ಹಾಗೆಯೇ ಉಳಿಯುತ್ತವೆ. 511 ಕಲಂಗಳನ್ನು 358ರ ಎದುರು ಬರೆದು ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ನಮ್ಮ ಜಿಲ್ಲೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ದಿನವೂ ಕೇಳಿಬರುವ ಕಲಂಗಳು ಮೂವತ್ತು ನಲವತ್ತು ಇದ್ದಾವು. ನಮ್ಮ ಶಿರಸಿಯ ಕಡೆ ಬೆಟ್ಟದ ಗಡಿಗೋ ತೋಟದ ನೀರಿಗೋ ಜಗಳವಾಗಿ ಬರುವ 323, 324, 504, 506 ಈಗ 115(2), 118(1), 352, 351 ಆಗಿವೆ. ಇಂಥವನ್ನು ಒಂದು ವಹಿಯಲ್ಲಿ ಕೈಯಾರೆ ಬರೆದುಕೊಳ್ಳಿ. ಬರೆದದ್ದು ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು ಮಾತು. ಕಕ್ಷಿದಾರರ ಗುರುತು ಮರೆಸಿ ಬರೆದದ್ದು ಒಳ್ಳೆಯದಾಯಿತು. ವಕೀಲರ ಮೇಲಿರುವ ಗೌಪ್ಯತೆಯ ಹೊಣೆ ಅವರ ಗುಮಾಸ್ತರ ಮತ್ತು ನೌಕರರ ಮೇಲೂ ಇದೆ ಎಂದು ಸಾಕ್ಷ್ಯ ಅಧಿನಿಯಮದ ಕಲಂ 132 ಹೇಳುತ್ತದೆ. ಇಂಟರ್ನ್ ಆದವರು ಅದನ್ನು ತಮಗೂ ಹೇಳಿದ ಮಾತೆಂದೇ ತಿಳಿದು ನಡೆಯಬೇಕು.

ಉತ್ತರ: ನಿವೃತ್ತ ಪೊಲೀಸ್ ಅಧಿಕಾರಿ, ಕುಮಟಾ

ವಕೀಲರು ಕಾನೂನನ್ನು ಚೆನ್ನಾಗಿ ವಿವರಿಸಿದ್ದಾರೆ. ಕರಾವಳಿಯ ಠಾಣೆಗಳಲ್ಲಿ ಅನೇಕ ವರ್ಷ ತನಿಖೆ ಮಾಡಿದವನಾಗಿ ಕಡತದ ಒಳಗಿನ ಒಂದೆರಡು ಸಂಗತಿಗಳನ್ನು ಹೇಳುತ್ತೇನೆ.

ಐದು ದಿನ ತಡವಾಗಿ ದೂರು ಬಂದಿದೆ ಎಂದು ಆರೋಪಿಯ ಪರ ವಕೀಲರು ಮೊದಲು ಹಿಡಿಯುವುದು ಅದನ್ನೇ. ಆದರೆ ನಮ್ಮ ಜಿಲ್ಲೆಯ ಸ್ಥಿತಿ ಬಲ್ಲವರಿಗೆ ಅದರ ಕಾರಣ ಗೊತ್ತು. ತಲೆಗೆ ಪೆಟ್ಟಾದವನನ್ನು ಕರಾವಳಿಯವರು ಮಣಿಪಾಲ, ಮಂಗಳೂರು ಅಥವಾ ಗೋವೆಯ ಬಾಂಬೋಳಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಒಯ್ಯಬೇಕು. ಐಸಿಯು ಬಾಗಿಲಲ್ಲಿ ಕುಳಿತ ಅಣ್ಣನಿಗೆ ಠಾಣೆಯ ನೆನಪು ಬರುವುದು ನಾಲ್ಕನೆಯ ದಿನ. ಅದಕ್ಕೆ ಒಳ್ಳೆಯ ತನಿಖಾಧಿಕಾರಿ ಆಸ್ಪತ್ರೆಯಿಂದ ಬಂದ ಸೂಚನಾ ಪತ್ರವನ್ನೂ ದಾಖಲಾತಿಯ ಸಮಯವನ್ನೂ ಕಡತಕ್ಕೆ ಸೇರಿಸಿ, ತಡವಾದದ್ದೇಕೆಂದು ದೂರಿನಲ್ಲಿಯೇ ಬರೆಸುತ್ತಾನೆ. ನಿಮ್ಮ ಕಡತದಲ್ಲಿ ಅವೆರಡೂ ಇವೆಯೇ ನೋಡಿ. ಘಟನೆ ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ದೂರು ಸ್ವೀಕರಿಸಬೇಕೆಂದು ಈಗ ಕಲಂ 173ರಲ್ಲಿಯೇ ಹೇಳಿರುವುದರಿಂದ ಆಸ್ಪತ್ರೆ ಇರುವ ಊರಿನ ಠಾಣೆಯಲ್ಲಿಯೇ ದೂರು ಕೊಡಬಹುದು. ಇದು ನಮ್ಮ ಜಿಲ್ಲೆಯ ಜನರಿಗೆ ಬಹಳ ಬೇಕಾಗಿದ್ದ ಸಂಗತಿ. ಆದರೆ ಇದನ್ನು ತಿಳಿದವರು ಇನ್ನೂ ಕಡಿಮೆ.

ಎರಡನೆಯದು, ಸ್ಥಳ ಪಂಚನಾಮೆ. ದೂರು ಜುಲೈ 2ರದಾದರೆ ಪಂಚನಾಮೆ ಅಂದೋ ಮರುದಿನವೋ ಆಗಿರುತ್ತದೆ. ಜೂನ್ ಕೊನೆಯ ವಾರದಲ್ಲಿ ನಮ್ಮ ಕಡೆ ಮಳೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹೆದ್ದಾರಿಯಲ್ಲಿ ವಾಹನಗಳ ಓಡಾಟವೂ ನಿಲ್ಲುವುದಿಲ್ಲ. ಅಷ್ಟು ದಿನಗಳ ಮೇಲೆ ಸ್ಥಳದಲ್ಲಿ ಏನು ಕಂಡಿತು, ಪಂಚರು ಯಾರು, ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ಮುಗಿಯಿತು, ಕೈ ನಕಾಶೆಯಲ್ಲಿ ರಸ್ತೆಯ ಅಗಲ ಬರೆದಿದೆಯೇ, ಇವನ್ನೆಲ್ಲ ನಿಧಾನವಾಗಿ ಓದಿ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಬ್ರೇಕಿನ ಸ್ಥಿತಿ ಮತ್ತು ಲಾರಿಯ ಯಾವ ಬದಿ ಜಖಂ ಆಗಿದೆ ಎಂಬುದು ಇರುತ್ತದೆ. ಅದು ನಕಾಶೆಗೆ ಹೊಂದಬೇಕು.

ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂಬ 176(3)ರ ಕಟ್ಟುಪಾಡು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಆದ್ದರಿಂದ ಇಲ್ಲಿ ಪಂಚನಾಮೆಯೇ ಎಲ್ಲ. ಶೋಧನೆ ಮತ್ತು ಜಪ್ತಿಯ ಮಾತು ಬೇರೆ. ಅದನ್ನು ಈಗ ಕಲಂ 105ರಂತೆ ವಿಡಿಯೋ ಮಾಡಿಕೊಳ್ಳಲೇಬೇಕು. ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಗೋವೆಯ ಮದ್ಯ ಹಿಡಿದ ಪ್ರಕರಣಗಳಲ್ಲಿ ಪಂಚರು ನ್ಯಾಯಾಲಯಕ್ಕೆ ಬಂದು "ಸಹಿ ನನ್ನದೇ, ಆದರೆ ಏನನ್ನೂ ನೋಡಿಲ್ಲ" ಎನ್ನುವುದನ್ನು ಕೇಳಿ ಕೇಳಿ ಬೇಸತ್ತವನು ನಾನು. ಪ್ರಾಮಾಣಿಕವಾಗಿ ಮಾಡಿದ ಜಪ್ತಿಯೂ ಹಾಗೆ ಬಿದ್ದುಹೋಗುತ್ತಿತ್ತು. ಈ ಒಂದು ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಸರ್, ನೀವು ಹೇಳಿದ ಎರಡು ದಾಖಲೆಗಳಲ್ಲಿ ಆಸ್ಪತ್ರೆಯ ಸೂಚನಾ ಪತ್ರ ಕಡತದಲ್ಲಿದೆ. ಪಂಚನಾಮೆಯನ್ನು ನಾಳೆ ಮತ್ತೆ ಓದುತ್ತೇನೆ.

ಹೇಳಿಕೆಗಳನ್ನು ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಐದು ಮಂದಿ ಸಾಕ್ಷಿದಾರರ ಹೇಳಿಕೆಗಳಲ್ಲಿಯೂ "ಸದರಿ ಲಾರಿ ಚಾಲಕನು ಅತಿವೇಗ ಹಾಗೂ ನಿಷ್ಕಾಳಜಿತನದಿಂದ ಚಲಾಯಿಸಿ" ಎಂಬ ವಾಕ್ಯ ಅಕ್ಷರಶಃ ಒಂದೇ ಆಗಿದೆ. ಕಣ್ಣಾರೆ ನೋಡಿದವರು ಎನ್ನಲಾದವರಲ್ಲಿ ಒಬ್ಬರು ಮೀನು ಮಾರುವ ಮಹಿಳೆ. ಅವರ ಮಾತು ಕೊಂಕಣಿ. ಶಾಲೆಗೆ ಹೋದವರಲ್ಲ. ಅವರ ಬಾಯಲ್ಲಿ "ನಿಷ್ಕಾಳಜಿತನ" ಎಂಬ ಮಾತು ಬಂದೀತೇ ಎಂದು ಅನುಮಾನವಾಯಿತು. ಇದನ್ನು ನ್ಯಾಯಾಲಯ ಹೇಗೆ ನೋಡುತ್ತದೆ?

ಉತ್ತರ: ನ್ಯಾಯವಾದಿ, ಕಾರವಾರ

ಈ ಅನುಮಾನವನ್ನು ಬಿಡಬೇಡಿ. ನಮ್ಮೂರಿನ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ವಕೀಲಿಕೆ ಕಲಿಯುವುದೆಂದರೆ ಹೆಚ್ಚಿನ ಪಾಲು ಇದನ್ನೇ ಕಲಿಯುವುದು.

ಕಲಂ 180ರ ಹೇಳಿಕೆಗೆ ಸಾಕ್ಷಿದಾರರ ಸಹಿ ಇರುವುದಿಲ್ಲ. ಅದನ್ನು ಅಭಿಯೋಜನೆಯವರು ಸಾಕ್ಷ್ಯವಾಗಿ ಬಳಸುವಂತಿಲ್ಲ. ಕಟಕಟೆಯಲ್ಲಿ ಆ ಸಾಕ್ಷಿ ಬೇರೆ ಮಾತು ಹೇಳಿದರೆ ವಿರೋಧಾಭಾಸವನ್ನು ತೋರಿಸಲಷ್ಟೇ ಕಲಂ 181ರಂತೆ ಅದಕ್ಕೆ ಬೆಲೆ. ಆದ್ದರಿಂದ ಆ ಮಹಿಳೆ ನ್ಯಾಯಾಲಯದಲ್ಲಿ ಏನು ಹೇಳುತ್ತಾರೆ ಎಂಬುದೇ ಮುಖ್ಯ. ಅವರು ಹೇಳುವುದು ಬಹುಶಃ ಲಾರಿ "ಜೋರಾನ್" ಬಂತು ಎಂದು. ಕನ್ನಡದಲ್ಲಿ ಜೋರಾಗಿ ಬಂತು ಎಂದು ಬರೆದುಕೊಂಡರೆ ಅನುವಾದವೇನೋ ಸರಿಯೇ. ಆದರೆ ಜೋರು ಎಂದರೆ ವೇಗವೇ, ಸದ್ದೇ, ಗುದ್ದಿದ ಪೆಟ್ಟಿನ ರಭಸವೇ? ಮಳೆಯ ರಾತ್ರಿ ಅಂಗಡಿಯ ಮಾಡಿನ ಕೆಳಗೆ ನಿಂತವರಿಗೆ ಮೊದಲು ಕೇಳುವುದು ಸದ್ದು. ಪಾಟೀ ಸವಾಲಿನಲ್ಲಿ ಈ ಒಂದು ಮಾತನ್ನು ಬಿಡಿಸಿ ಕೇಳದಿದ್ದರೆ, ಅದು "ಅತಿವೇಗ" ಎಂದು ಟೈಪಾಗಿ ಹಾಗೆಯೇ ಉಳಿದುಬಿಡುತ್ತದೆ. ವೇಗವೊಂದೇ ಇದ್ದರೆ ದುಡುಕಾಗಲಿ ನಿರ್ಲಕ್ಷ್ಯವಾಗಲಿ ಸಾಬೀತಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ, ಕರ್ನಾಟಕ ರಾಜ್ಯ ವಿರುದ್ಧ ಸತೀಶ್ ಎಂಬ ತೀರ್ಪಿನಲ್ಲಿ, ಹೇಳಿದೆ. ಎಷ್ಟು ವೇಗ, ಯಾವ ರಸ್ತೆ, ಎಂಥ ಪರಿಸ್ಥಿತಿ ಎಂಬ ವಿವರ ಸಾಕ್ಷ್ಯದಲ್ಲಿ ಬರಬೇಕು. ಆ ತೀರ್ಪು ಎರಡು ಮೂರು ಪುಟದ್ದಷ್ಟೇ, ಇಂದೇ ಓದಿಬಿಡಿ.

ಇದು ಆರೋಪಿಯನ್ನು ಬಿಡಿಸಿಕೊಳ್ಳುವ ಉಪಾಯ ಎಂದು ದಯವಿಟ್ಟು ತಿಳಿಯಬೇಡಿ. ಅಚ್ಚಿನಲ್ಲಿ ಒತ್ತಿದಂಥ ಹೇಳಿಕೆಯಿಂದ ಹೆಚ್ಚು ನಷ್ಟವಾಗುವುದು ಸತ್ತವನ ಮನೆಯವರಿಗೆ. ಲಾರಿ ತನ್ನ ಬದಿ ಬಿಟ್ಟು ಬಂದದ್ದನ್ನು, ದೀಪ ಉರಿಯದೆ ಇದ್ದದ್ದನ್ನು, ಬೈಕ್ ಎಲ್ಲಿ ಬಿದ್ದಿತ್ತೆಂಬುದನ್ನು ಆ ಮಹಿಳೆ ನಿಜವಾಗಿ ನೋಡಿದ್ದಿರಬಹುದು. ಅದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡಿದ್ದರೆ ಪ್ರಕರಣ ನಿಲ್ಲುತ್ತಿತ್ತು. "ನಿಷ್ಕಾಳಜಿತನ ಎಂದರೇನಮ್ಮ" ಎಂದು ವಕೀಲರು ಕೇಳಿದಾಗ ಅವರು ಸುಮ್ಮನೆ ನಿಂತುಬಿಟ್ಟರೆ, ನೋಡಿದ ನಿಜವೂ ಆ ಮೌನದಲ್ಲಿ ಹೋಗಿಬಿಡುತ್ತದೆ. ಕ್ರಿಮಿನಲ್ ಪ್ರಕರಣ ಬಿದ್ದುಹೋದರೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪುರಾವೆಯ ಅಳತೆ ಬೇರೆಯಾದ್ದರಿಂದ ಮನೆಯವರ ಪರಿಹಾರದ ಅರ್ಜಿ ತಾನಾಗಿ ಬೀಳುವುದಿಲ್ಲ, ಅದೊಂದು ಸಮಾಧಾನ.

ಹೊಡೆದಾಟದ ಪ್ರಕರಣಗಳಲ್ಲಂತೂ ಭಾಷೆಯ ತೂಕ ಇನ್ನೂ ಹೆಚ್ಚು. ಕೊಂಕಣಿಯ "ಮಾರ್" ಎಂಬ ಧಾತು ಹೊಡೆಯುವುದಕ್ಕೂ ಸಲ್ಲುತ್ತದೆ, ಸಂದರ್ಭ ನೋಡಿಕೊಂಡು ಕೊಲ್ಲುವುದಕ್ಕೂ ಸಲ್ಲುತ್ತದೆ. ಸಾಕ್ಷಿ "ಮಾರೂಂಕ್ ಆಯ್ಲೊ" ಎಂದಾಗ ಹೊಡೆಯಲು ಬಂದ ಎಂದು ಬರೆದರೆ ಅದು ಮ್ಯಾಜಿಸ್ಟ್ರೇಟರ ಮುಂದಿನ ಸಣ್ಣ ಪ್ರಕರಣ. ಕೊಲ್ಲಲು ಬಂದ ಎಂದು ಬರೆದರೆ ನ್ಯಾಯ ಸಂಹಿತೆಯ ಕಲಂ 109ರ ಕೊಲೆ ಯತ್ನವಾಗಿ ಸೆಷನ್ಸ್ ನ್ಯಾಯಾಲಯದವರೆಗೆ ಹೋಗಬಲ್ಲದು. ಬೇರೆ ಭಾಷೆಯ ಸಾಕ್ಷ್ಯವನ್ನು ಸಾಧ್ಯವಿದ್ದರೆ ಆ ಭಾಷೆಯಲ್ಲಿಯೇ, ಇಲ್ಲವಾದರೆ ನಿಜವಾದ ಅನುವಾದ ಮಾಡಿ ದಾಖಲಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 312 ಹೇಳುತ್ತದೆ. ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಬೇಕು, ಅರ್ಥವಾಗದಿದ್ದರೆ ಅವರ ಭಾಷೆಯಲ್ಲಿ ತಿಳಿಸಬೇಕು, ತಪ್ಪಿದ್ದರೆ ತಿದ್ದಬೇಕು ಎಂದು 313 ಹೇಳುತ್ತದೆ. ನಿತ್ಯದ ಅವಸರದಲ್ಲಿ ಈ ಓದಿ ಹೇಳುವ ಕೆಲಸ ತೆಳುವಾಗುತ್ತದೆ. ಆಗ ಎದ್ದು ನಿಂತು, ಸ್ವಾಮಿ, ಸಾಕ್ಷಿಗೆ ಒಮ್ಮೆ ಕೊಂಕಣಿಯಲ್ಲಿ ತಿಳಿಸಿಕೊಡಬೇಕು ಎಂದು ವಿನಂತಿಸುವುದು ವಕೀಲರ ಕರ್ತವ್ಯ. ಮೇಲ್ಮನವಿ ಧಾರವಾಡದ ಪೀಠಕ್ಕೆ ಹೋದಾಗ ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಇಲ್ಲಿ ಜಾರಿದ ಮಾತನ್ನು ಅಲ್ಲಿ ಹಿಡಿಯಲು ಯಾರಿಂದಲೂ ಆಗದು.

ಕನ್ನಡ ಮಾಧ್ಯಮದಲ್ಲಿ ಓದಿದೆ, ಮನೆಯಲ್ಲಿ ಕೊಂಕಣಿ ಎಂದು ಹಿಂಜರಿಯುವ ಕಿರಿಯರನ್ನು ನಾನು ಬಹಳ ನೋಡಿದ್ದೇನೆ. ಸಾಕ್ಷಿದಾರರ ಮಾತನ್ನು ನೇರವಾಗಿ ಕೇಳಿ ತಿಳಿಯಬಲ್ಲ ಕಿವಿ ಅವರಿಗಿದೆ. ಉಳಿದ ವಾರಗಳಲ್ಲಿ ಸಾಕ್ಷಿ ವಿಚಾರಣೆ ಇರುವ ದಿನ ನ್ಯಾಯಾಲಯದಲ್ಲಿ ಕುಳಿತು, ವಹಿಯ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಸಾಕ್ಷಿ ಆಡಿದ ಮಾತು, ಬಲಕ್ಕೆ ಟೈಪಾದ ಮಾತು ಎಂದು ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು:

ಅಕ್ಕ, ಗೆರೆ ಎಳೆದ ವಹಿ ಸಿದ್ಧವಾಗಿದೆ. ನಮ್ಮ ಮನೆಮಾತೂ ಕೊಂಕಣಿಯೇ.

ಇಂದು ಪಂಚನಾಮೆ ಓದಿದೆ. ಅದು ಜುಲೈ 3ರ ಬೆಳಿಗ್ಗೆ ಆದದ್ದು. ಡಾಂಬರಿನ ಮೇಲೆ ಲಾರಿಯ ಬ್ರೇಕ್ ಹಾಕಿದ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು ಎಂದು ಬರೆದಿದೆ. ಘಟನೆಯಾಗಿ ಆಗಲೇ ಆರನೆಯ ದಿನ. ಟಿಪ್ಪಣಿಯನ್ನು 304ಎ ಎಂದು ತಿದ್ದಿ ಬರೆದು, ಈ ಸಾಲನ್ನು ಅದರ ಕೆಳಗೆ ಸೇರಿಸಿ ಹಿರಿಯರ ಮೇಜಿನ ಮೇಲಿಟ್ಟಿದ್ದೆ. ಸಂಜೆ ಹಾಳೆ ಮರಳಿ ಬಂದಾಗ ಆ ಸಾಲಿನ ಪಕ್ಕದಲ್ಲಿ ಅದೇ ಕೆಂಪು ಪೆನ್ಸಿಲಿನಲ್ಲಿ "ಆ ವಾರದ ಮಳೆಯ ದಾಖಲೆ ತರಿಸಬೇಕು, ಅರ್ಜಿ ನೀವೇ ಬರೆಯಿರಿ" ಎಂದಿತ್ತು.